ಗೋ ಕಟ್ಟಲು ಗೋ ಬೇಕು: ಮೊದಲ ಹೆಪ್ಪು ಎಲ್ಲಿಂದ?

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ರಜೆಗೆ ಸೋಮವಾರಪೇಟೆಗೆ ಬಂದಿದ್ದೇನೆ. ಲಿನಕ್ಸ್‌ನಲ್ಲಿ ಗೋ ಪ್ರೋಗ್ರಾಮಿಂಗ್ ಭಾಷೆಯ 1.24 ಆವೃತ್ತಿಯನ್ನು ಸೋರ್ಸ್‌ನಿಂದಲೇ (ಮೂಲ ಕೋಡ್‌ನಿಂದಲೇ) ಬಿಲ್ಡ್ ಮಾಡಲು ಹೋದರೆ, ಮೊದಲು ಗೋ ಇರಬೇಕು ಅನ್ನುತ್ತಿದೆ. ರೆಡಿ ಗೋ ಬೈನರಿ (ಕಟ್ಟಿ ಮುಗಿಸಿದ ಫೈಲ್) ಇಳಿಸಿಕೊಳ್ಳದೆ ಕಟ್ಟಬಹುದಾ? ಮಳೆಗೆ ಇಲ್ಲಿ ಕರೆಂಟ್ ಬೇರೆ ನಿಲ್ಲುತ್ತಿಲ್ಲ.

ಉತ್ತರ: ಖಂಡಿತ ಕಟ್ಟಬಹುದು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಾರೆ ಅಲ್ವಾ? ಆ ಹೆಪ್ಪು ನಿನ್ನೆಯ ಮೊಸರು. ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಗೋ ಕಂಪೈಲರನ್ನು ಬರೆದಿರುವುದು ಗೋದಲ್ಲೇ, ಹಾಗಾಗಿ ಹೊಸದಕ್ಕೆ ಹಳೆಯದು ಬೇಕು. ಆದರೆ 1.4ರವರೆಗೆ ಅದು ಸಿ ಭಾಷೆಯಲ್ಲಿತ್ತು. 2015ರ ಆಗಸ್ಟ್‌ನಲ್ಲಿ ಬಂದ 1.5ರಿಂದ ಗೋಗೆ ಬದಲಾಯಿತು. ನಿಮ್ಮ ಮೊದಲ ಹೆಪ್ಪು 1.4. ಅದಕ್ಕೆ ಸಿ ಕಂಪೈಲರ್ ಆದ ಜಿಸಿಸಿ ಸಾಕು.

ಹೊಸ ಲಿನಕ್ಸ್‌ಗೆ ಹೊಂದುವಂತೆ ಸರಿಪಡಿಸಿದ 1.4ರ ಬೂಟ್‌ಸ್ಟ್ರ್ಯಾಪ್ (ಅಂದರೆ ಮೊದಲ ಹೆಪ್ಪಿನ) ಸೋರ್ಸ್ ಬೇರೆಯೇ ಸಿಗುತ್ತದೆ, ಅದನ್ನೇ ತಗೊಳ್ಳಿ. ಸಿಗೋ (ಗೋದಿಂದ ಸಿ ಕೋಡ್ ಕರೆಯುವ ಸೌಲಭ್ಯ) ಆಫ್ ಮಾಡಿ ಬಿಲ್ಡ್ ಮಾಡಿ. ಅದರಿಂದ 1.17.13, ಅದರಿಂದ 1.20, ಆಮೇಲೆ 1.22, ಕೊನೆಗೆ 1.24. 1.20, 1.22ರಲ್ಲಿ ಕೊನೆಯ ಪ್ಯಾಚ್ ಆವೃತ್ತಿಯನ್ನೇ ಹಿಡಿಯಿರಿ. ಪ್ರತಿ ಸಲವೂ ಗೋರೂಟ್_ಬೂಟ್‌ಸ್ಟ್ರ್ಯಾಪ್ ವೇರಿಯಬಲ್‌ನಲ್ಲಿ ಹಿಂದಿನ ಗೋ ಇರುವ ಫೋಲ್ಡರ್ ತೋರಿಸಿ.

ಬಿಲ್ಡ್ ಮಾಡಲು ಆಲ್.ಬ್ಯಾಷ್ ಸ್ಕ್ರಿಪ್ಟ್ ಬೇಡ, ಅದು ಟೆಸ್ಟ್‌ಗಳನ್ನೂ ಓಡಿಸಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಮೇಕ್.ಬ್ಯಾಷ್ ಸಾಕು. ಒಂದೊಂದು ಆವೃತ್ತಿಗೂ ಬೇರೆ ಫೋಲ್ಡರ್ ಇರಲಿ. ಮಡಿಕೇರಿಯ ನಮ್ಮ ಮನೆಯಲ್ಲಿ ಒಂದು ಜುಲೈ ರಾತ್ರಿ ಕರೆಂಟ್ ಹೋಗಿ 1.20 ಅರ್ಧಕ್ಕೇ ನಿಂತಿತ್ತು. 1.17.13 ಹಾಗೇ ಇತ್ತು, ಬೆಳಿಗ್ಗೆ ಅಲ್ಲಿಂದಲೇ ಹಿಡಿದೆ.

1.24 ಕಟ್ಟುವಾಗ ಪರದೆ ನೋಡುತ್ತಾ ಕೂತುಕೊಳ್ಳಿ. ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಉಪಕರಣಗಳು) 1, 2, 3 ಎಂದು ಸಾಲುಗಳು ಬರುತ್ತವೆ. 1 ಅಂದರೆ ಹೊಸ ಸೋರ್ಸನ್ನು ಹಳೆಯ ಕಂಪೈಲರ್ ಕಟ್ಟಿದ್ದು. 2 ಅಂದರೆ ಅದೇ ಸೋರ್ಸನ್ನು ಈ 1 ಕಟ್ಟಿದ್ದು, 3 ಅನ್ನು ಕಟ್ಟುವುದು 2. ಹಳೆಯ ಕಂಪೈಲರ್‌ನ ಗುರುತು ಹೀಗೆ ಅಳಿಯುತ್ತಾ ಹೋಗುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾಗುವ ಜಾಗ ಇದು.

ಇಷ್ಟೆಲ್ಲ ಯಾಕೆ ಅಂತ ಗೆಳೆಯರು ಕೇಳಬಹುದು. ಕಂಪೈಲರ್ ಒಳಗೆ ಬಚ್ಚಿಟ್ಟ ಕಳ್ಳಕೋಡ್, ಸೋರ್ಸ್‌ನಲ್ಲಿ ಕಾಣದೆಯೇ ತಲೆಮಾರಿನಿಂದ ತಲೆಮಾರಿಗೆ ದಾಟಬಲ್ಲದು. ಕೆನ್ ಥಾಂಪ್ಸನ್ 1984ರಲ್ಲೇ ಇದನ್ನು ವಿವರಿಸಿದ್ದರು. ಮುಂದೆ ಗೋ ಭಾಷೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ನಿಮ್ಮ ಜಿಸಿಸಿಯೂ ಒಂದು ಬೈನರಿಯೇ, ಅದು ನೆನಪಿರಲಿ. ಆದರೂ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ. 1.21ರಿಂದ ಈಚೆಗೆ, ಒಂದೇ ಸೋರ್ಸ್‌ನಿಂದ ಯಾರು ಕಟ್ಟಿದರೂ ಒಂದೇ ಫೈಲ್ ಬರುತ್ತದೆ. ಕೊನೆಯ ಬಿಲ್ಡ್‌ಗೆ ಡಿಸ್ಟ್‌ಪ್ಯಾಕ್ ಆಯ್ಕೆ ಕೊಡಿ. ಬಂದ ಟಾರ್ ಫೈಲ್‌ನ ಶಾ-256 ಮೊತ್ತವನ್ನು (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ), ಗೋ ತಂಡ ಅದೇ ಆವೃತ್ತಿಗೆ ಪ್ರಕಟಿಸಿರುವುದರ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ.