ಖಣದ ಫೋಟೋ ಫೋನಲ್ಲಿ ನೆಟ್ಟಗೆ, ಸೈಟಿನಲ್ಲಿ ಅಡ್ಡ: ಯಾಕೆ, ಏನು ಮಾಡಬೇಕು?

ಗುಳೇದಗುಡ್ಡದ ಖಣಗಳನ್ನು, ಅಂದರೆ ರವಿಕೆ ಬಟ್ಟೆಗಳನ್ನು, ನೆಲದ ಮೇಲೆ ಹಾಸಿ ಫೋಟೋ ತೆಗೆದು ಮಾರಾಟದ ಸೈಟಿಗೆ ಹಾಕುತ್ತೇನೆ ಅಂದಿದ್ದೀರಿ. ಫೋನಲ್ಲಿ ನೆಟ್ಟಗಿದ್ದದ್ದು ಸೈಟಿನಲ್ಲಿ ಅಡ್ಡ ಬೀಳುತ್ತದೆ, ತಿರುಗಿಸಿ ಹಾಕಿದರೆ ಸೈಟಿನಲ್ಲಿ ಸರಿ, ಫೋನಲ್ಲಿ ಅಡ್ಡ. ನಾನು ಇಳಕಲ್‌ನವನು. ಕಾಕಾನ ಅಂಗಡಿಯ ಸೀರೆ ಫೋಟೋಗಳ ಕೆಲಸ ನನ್ನದೇ. ಒಂದು ದೀಪಾವಳಿ ಪೂರ್ತಿ ಇದೇ ತೊಂದರೆಯಲ್ಲಿ ಒದ್ದಾಡಿದ್ದೇನೆ.

ಮೊದಲು, ತಿರುಗಿಸಿ ಸೇವ್ ಮಾಡುವುದನ್ನು ನಿಲ್ಲಿಸಿ. ಜೆಪೆಗ್ ಫೋಟೋವನ್ನು ಪದೇ ಪದೇ ಸೇವ್ ಮಾಡಿದಷ್ಟೂ ನೇಯ್ಗೆಯ ಸಣ್ಣ ಎಳೆಗಳು ಮಸುಕಾಗುತ್ತವೆ. ಖಣದಲ್ಲಿ ಗಿರಾಕಿ ನೋಡುವುದೇ ಆ ಎಳೆಗಳನ್ನು, ಅಲ್ವಾ?

ಫೋನನ್ನು ನೀವು ಉದ್ದಕ್ಕೆ ಹಿಡಿದರೂ ಒಳಗಿನ ಸೆನ್ಸರ್ (ಚಿತ್ರ ಹಿಡಿಯುವ ಭಾಗ) ತಿರುಗುವುದಿಲ್ಲ. ಹೆಚ್ಚಿನ ಫೋನುಗಳು ಚಿತ್ರವನ್ನು ಅಡ್ಡವಾಗಿಯೇ ಉಳಿಸುತ್ತವೆ. ಫೈಲಿನೊಳಗಿನ ಎಕ್ಸಿಫ್ ಎಂಬ ಮಾಹಿತಿಯಲ್ಲಿ, ಹೇಗೆ ತಿರುಗಿಸಿ ತೋರಿಸಬೇಕು ಅಂತ ಒಂದು ಅಂಕಿ ಬರೆದಿಡುತ್ತವೆ. ಅದರ ಹೆಸರು ಓರಿಯೆಂಟೇಶನ್. 1 ಅಂದರೆ ಇದ್ದ ಹಾಗೇ ತೋರಿಸು. 6 ಅಂದರೆ ಬಲಕ್ಕೆ 90 ಡಿಗ್ರಿ, 8 ಅಂದರೆ ಎಡಕ್ಕೆ 90 ಡಿಗ್ರಿ ತಿರುಗಿಸು. 3 ಇದ್ದರೆ ತಲೆಕೆಳಗು ಮಾಡು. 2, 4, 5, 7 ಕನ್ನಡಿಯಲ್ಲಿ ಕಂಡಂತೆ ತಿರುವಿದವು, ನಿಮಗೆ ಅಪರೂಪ.

ನಿಮ್ಮ ಫೋನು ಈ ಅಂಕಿಯನ್ನು ಓದುತ್ತದೆ. 2020ರಿಂದ ಕ್ರೋಮ್, ಫೈರ್‌ಫಾಕ್ಸ್ ಕೂಡ ತಾವಾಗಿಯೇ ಓದುತ್ತವೆ. ಹಾಗಾಗಿ ತಪ್ಪು ಬ್ರೌಸರಿನದಲ್ಲ. ಅಪ್‌ಲೋಡ್ ಆದಾಗ ಸೈಟು ಫೋಟೋವನ್ನು ಚಿಕ್ಕದು ಮಾಡುತ್ತದೆ. ಆಗ ಚಿತ್ರವನ್ನು ತಿರುಗಿಸದೇ ಅಂಕಿಯನ್ನು ಮಾತ್ರ ಕಳೆದುಬಿಡುತ್ತಿದೆ ಅನಿಸುತ್ತದೆ. ನೀವು ತಿರುಗಿಸಿದ ಆ್ಯಪ್ ಇದಕ್ಕೆ ಉಲ್ಟಾ ಮಾಡಿದೆ: ಚಿತ್ರವನ್ನು ತಿರುಗಿಸಿದೆ, ಆದರೆ 6 ಹಾಗೇ ಉಳಿದಿದೆ. ಫೋನು ಅದನ್ನು ನೋಡಿ ಇನ್ನೊಮ್ಮೆ ತಿರುಗಿಸುತ್ತದೆ.

ಹಾಗಾದರೆ ನಿಮ್ಮ ಹತ್ತಿರ ಎರಡು ಥರದ ಫೋಟೋ ಇವೆ, ಬೇರೆ ಬೇರೆ ಫೋಲ್ಡರಿಗೆ ಹಾಕಿ. ಈಗಾಗಲೇ ತಿರುಗಿಸಿದವುಗಳಲ್ಲಿ ಚಿತ್ರ ಸರಿಯಿದೆ, ಅಂಕಿ ಮಾತ್ರ 1 ಆಗಬೇಕು. ಅದಕ್ಕೆ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಕಮಾಂಡಿನಲ್ಲಿ ಅಂಕಿಯಾಗಿಯೇ ಬರೆಯಲು 'ಎನ್' (-n) ಆಯ್ಕೆ ಕೊಡಬೇಕು, ನಾನು ಅದನ್ನು ಮರೆತೇ ಮೊದಲ ದಿನ ಕೆಟ್ಟೆ. ಇಲ್ಲಿ ಚಿತ್ರವನ್ನು ಮುಟ್ಟುವುದೇ ಇಲ್ಲ, ಒಂದು ಎಳೆಯೂ ಮಸುಕಾಗುವುದಿಲ್ಲ.

ತಿರುಗಿಸದೇ ಇರುವವಕ್ಕೆ ಜೆಹೆಡ್ (jhead) ಎಂಬ ಸಾಫ್ಟ್‌ವೇರ್ ಬಳಸಿ, ಅದರಲ್ಲಿ 'ಆಟೊರಾಟ್' (-autorot) ಎಂಬ ಆಯ್ಕೆ ಇದೆ. ಅದು ಜೆಪೆಗ್‌ಟ್ರಾನ್ (jpegtran) ಎಂಬ ಇನ್ನೊಂದು ಸಾಫ್ಟ್‌ವೇರ್‌ನ ಸಹಾಯದಿಂದ ಗುಣಮಟ್ಟ ಕೆಡಿಸದೇ ಚಿತ್ರವನ್ನೇ ತಿರುಗಿಸಿ, ಅಂಕಿಯನ್ನು 1 ಮಾಡುತ್ತದೆ. ಒಂದು ಸೂಕ್ಷ್ಮ ಇದೆ. ಜೆಪೆಗ್ ಚಿತ್ರವನ್ನು ಸಾಮಾನ್ಯವಾಗಿ 16 ಪಿಕ್ಸೆಲ್‌ನ ಚೌಕಗಳಲ್ಲಿ ಇಡುತ್ತದೆ. 4032×3024 ಅಳತೆ 16ರಿಂದ ಪೂರ್ತಿ ಭಾಗವಾಗುತ್ತದೆ, ತೊಂದರೆಯಿಲ್ಲ. 4000×3000 ಆದರೆ 3000ರಲ್ಲಿ 8 ಉಳಿಯುತ್ತದೆ, ಆ 8 ಪಿಕ್ಸೆಲ್ ಅಂಚನ್ನು ಕತ್ತರಿಸಬೇಕಾಗುತ್ತದೆ. ಖಣದ ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದರೆ ಏನೂ ಹೋಗುವುದಿಲ್ಲ.

ಇನ್ನು ಕೆಲವು ಫೋಟೋ ಫೋನಲ್ಲೂ ಮೊದಲಿಂದಲೇ ಅಡ್ಡ ಇರಬಹುದು. ಅದಕ್ಕೆ ಕಾರಣ ನೆಲ! ಫೋನು ಭೂಮಿಯ ಸೆಳೆತ ನೋಡಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ತಿಳಿಯುತ್ತದೆ. ನೆಲದ ಕಡೆ ಪೂರ್ತಿ ಬಗ್ಗಿಸಿದರೆ ಅದಕ್ಕೆ ಗೊತ್ತಾಗದೇ ತಪ್ಪು ಅಂಕಿ ಬರೆಯುತ್ತದೆ. ಇಂಥವಕ್ಕೆ ಮೊದಲು ಎಕ್ಸಿಫ್‌ಟೂಲ್‌ನಲ್ಲಿ ಅಂಕಿ ಸರಿಪಡಿಸಿ, ಆಮೇಲೆ ಜೆಹೆಡ್ ಓಡಿಸಿ. ಮುಂದಕ್ಕೆ ಫೋನನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ಆಮೇಲೆ ಬಗ್ಗಿಸಿ. ನಾವಂತೂ ಈಗ ಸೀರೆಗಳನ್ನು ಹಗ್ಗದ ಮೇಲೆ ಹಾಕಿಯೇ ತೆಗೆಯುತ್ತೇವೆ. ಸೆರಗು ಇಳಿಬಿದ್ದು ಚೆಂದ ಕಾಣುತ್ತದೆ, ಅಂಕಿಯೂ ತಪ್ಪುವುದಿಲ್ಲ.

ಜೆಹೆಡ್ ಅದೇ ಫೈಲನ್ನು ಬದಲಿಸುತ್ತದೆ. ಆದ್ದರಿಂದ ಫೋಲ್ಡರಿನ ನಕಲು ಇಟ್ಟುಕೊಂಡು, ಮೊದಲು ಹತ್ತು ಫೋಟೋ ಮಾತ್ರ ಮಾಡಿ ಸೈಟಿಗೆ ಹಾಕಿ ನೋಡಿ. ಅವೂ ಅಡ್ಡ ಬಂದರೆ ಇಲ್ಲೇ ತಿಳಿಸಿ, ಒಂದು ಫೋಟೋದ ಅಂಕಿ ಎಷ್ಟಿದೆ ಅನ್ನುವುದನ್ನೂ ಬರೆಯಿರಿ.