ಕುಡಿತ ಬಿಡಿಸುವ ಕೇಂದ್ರಗಳ ಮೇಲೆ ಸರ್ಕಾರದ ಹಿಡಿತ ಇದೆಯಾ?

ಇದೆ, ಆದರೆ ಒಂದೇ ಇಲಾಖೆಯದ್ದಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ವ್ಯಸನಮುಕ್ತಿ ಕೇಂದ್ರಗಳನ್ನು ನಡೆಸುತ್ತದೆ. ಸರ್ಕಾರಿ ಆಸ್ಪತ್ರೆಗಳ ಚಿಕಿತ್ಸೆ ಆರೋಗ್ಯ ಇಲಾಖೆಯದ್ದು. 2020ರಲ್ಲಿ 272 ಜಿಲ್ಲೆಗಳಲ್ಲಿ ನಶಾ ಮುಕ್ತ ಭಾರತ ಅಭಿಯಾನವೂ ಶುರುವಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಕುಡಿತ, ಡ್ರಗ್ಸ್‌ನಿಂದ ಬರುವ ಮನಸ್ಸಿನ ತೊಂದರೆಯೂ ಅದರಡಿ ಮಾನಸಿಕ ಕಾಯಿಲೆಯೇ. ಹಾಗಾಗಿ ಇಂಥವರನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಖಾಸಗಿ ಕೇಂದ್ರವೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಲೇಬೇಕು. ಸರಪಳಿ ಹಾಕಿ ಕಟ್ಟುವಂತಿಲ್ಲ. ನಮ್ಮವರನ್ನು ಸುಮ್ನೆ ಯಾರದೋ ಕೈಗೆ ಒಪ್ಪಿಸಲಾಗದು, ಅಲ್ವಾ? ಮೊದಲು ನೋಂದಣಿ ಪತ್ರ ಕೇಳಿ, ಸಂಕೋಚ ಬೇಡ.

ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ.