ಕೆರೆ ಒಡೆದರೆ ಅಳಿವೆ ಆಗುತ್ತಾ?

ಪ್ರಶ್ನೆ: ದಿನಾ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವನು ನಾನು. ಅಮೆರಿಕದ ಒಲಿಂಪಿಯಾ ಅನ್ನುವ ಊರಲ್ಲಿ ನಡು ಊರಿನ ಕೆರೆಯನ್ನೇ ತೆಗೆದು ಅಳಿವೆ ಮಾಡುತ್ತಾರಂತೆ. ಪರಿಸರಕ್ಕೆ ಅದೇ ಒಳ್ಳೆಯದಂತೆ. ಹಾಗಾದರೆ ನಮ್ಮ ಕೆರೆಗಳಿಗೆ ಬೆಲೆಯೇ ಇಲ್ವಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಗಾಬರಿ ಬೇಡ ಸ್ವಾಮಿ, ನಿಮ್ಮ ವಾಕಿಂಗಿಗೆ ಏನೂ ತೊಂದರೆ ಇಲ್ಲ. ಅಳಿವೆ ಅಂದರೆ ಹೊಳೆ ಹೋಗಿ ಸಮುದ್ರ ಸೇರುವ ಜಾಗ. ಒಲಿಂಪಿಯಾದಲ್ಲಿ ಮೊದಲು ಇದ್ದದ್ದೇ ಅದು. ಇಳಿತದ ಹೊತ್ತಲ್ಲಿ, ಅಂದರೆ ಸಮುದ್ರದ ನೀರು ಹಿಂದೆ ಸರಿದಾಗ, ಕೆಸರು ಕಾಣುತ್ತಿತ್ತು, ಅದರ ಬದಲು ರಾಜ್ಯದ ಶಾಸನಸಭೆ ಕಟ್ಟಡದ ನೆರಳು ನೀರಲ್ಲಿ ಚೆಂದ ಬೀಳಲಿ ಅಂತ 1951ರಲ್ಲಿ ಅಡ್ಡಗಟ್ಟೆ ಹಾಕಿ ಕೆರೆ ಮಾಡಿದರು. ಹೊಳೆ ತಂದ ಹೂಳು ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ತುಂಬಿತು. ಹೊರಗಿನ ಒಂದು ಬಸವನಹುಳು ಬೇರೆ ಸೇರಿಕೊಂಡು 2009ರಲ್ಲಿ ಕೆರೆಗೆ ಜನ ಇಳಿಯುವುದನ್ನೇ ನಿಲ್ಲಿಸಿದರು. ಕೊನೆಗೆ 2022ರಲ್ಲಿ, ಗಟ್ಟೆ ತೆಗೆದು ಅಳಿವೆಯನ್ನೇ ವಾಪಸ್ ತರೋಣ ಅಂತ ತೀರ್ಮಾನ ಆಯಿತು.

ನಮ್ಮದು ಬೇರೆ ಕಥೆ. ಬಯಲುಸೀಮೆಯಲ್ಲಿ ಕೆರೆ ಕಟ್ಟಿದ್ದು ಚೆಂದಕ್ಕಲ್ಲ, ನೀರಿಗೆ. ಕುಂದವಾಡ ಕೆರೆಯಲ್ಲಿ ನಿಲ್ಲಿಸುವುದು ಭದ್ರಾ ನಾಲೆಯ ನೀರು, ಊರು ಕುಡಿಯುವ ನೀರು. ಅದನ್ನು ಒಡೆದರೆ ಸಿಗುವುದು ಅಳಿವೆ ಅಲ್ಲ, ಖಾಲಿ ಹೊಂಡ. ಸಮುದ್ರ ಇರುವುದು ಘಟ್ಟದ ಆಚೆ, ನಮ್ಮ ನೀರು ಹರಿಯುವುದೋ ತುಂಗಭದ್ರೆ ಕಡೆಗೆ!

ಅದಕ್ಕೇ ಕೆರೆ ದೊಡ್ಡದೋ ಅಳಿವೆ ದೊಡ್ಡದೋ ಅಂತ ತೂಗಿ ಪ್ರಯೋಜನ ಇಲ್ಲ. 2024ರ ಜನವರಿಯಲ್ಲಿ ನಮ್ಮ ರಾಜ್ಯದ ಮೂರು ಜಾಗ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ಒಂದು ಅಘನಾಶಿನಿ ಅಳಿವೆ. ಉಳಿದ ಎರಡು ಕೆರೆಗಳೇ, ಗದಗ ಜಿಲ್ಲೆಯ ಮಾಗಡಿ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅಂಕಸಮುದ್ರದಲ್ಲಿ ನೀರೊಳಗೆ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಊರಿನವರ ಹೊಲಕ್ಕೆ ನೀರು ಕೊಡಲು ಕಟ್ಟಿದ ಕೆರೆ ಅದು, ಹಕ್ಕಿಗಳಿಗೆ ಅಂತ ಯಾರೂ ಕಟ್ಟಿದ್ದಲ್ಲ.

ಆದರೆ ಅಳಿವೆಯಿಂದ ನಾವು ಕಲಿಯುವುದು ಒಂದಿದೆ, ಕೆಸರಿನ ಬೆಲೆ. ಅಘನಾಶಿನಿಯಲ್ಲಿ ಇಳಿತ ಆದಾಗ ಜನ ಕೆಸರಿಗೆ ಇಳಿದು ಬಳಚು ಅನ್ನುವ ತಿನ್ನುವ ಚಿಪ್ಪು ಹೆಕ್ಕುತ್ತಾರೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರುಗಳ ಸಂದಿಯಲ್ಲಿ ಮೀನಿನ ಮರಿ ಬೆಳೆಯುತ್ತವೆ. ನಾವೋ, ಕೆರೆ ಅಭಿವೃದ್ಧಿ ಅಂದ ಕೂಡಲೇ ಜೊಂಡು ಕಿತ್ತು, ಸುತ್ತ ಕಲ್ಲು ಹಾಸಿ, ಒಳಗೆಲ್ಲ ಒಂದೇ ಸಮ ಆಳ ತೆಗೆದು ತೊಟ್ಟಿ ಮಾಡಿಬಿಡುತ್ತೇವೆ. ಕುಡಿಯುವ ನೀರಿನ ಕೆರೆಗೆ ಆಳ ಬೇಕು, ಒಪ್ಪುತ್ತೇನೆ. ಆದರೆ ಒಂದು ಬದಿಯಾದರೂ ಮೊಣಕಾಲುದ್ದ ನೀರು, ಕೆಸರು, ಜೊಂಡು ಇರಲಿ ಅನ್ನುವುದು ನನ್ನ ಹಟ. ಉದ್ದ ಕಾಲಿನ ಹಕ್ಕಿ ಆಳದ ನೀರಲ್ಲಿ ನಿಂತು ಏನು ತಿನ್ನಬೇಕು ಹೇಳಿ?

ನಾಳೆ ವಾಕಿಂಗ್ ಹೋದಾಗ ಸುಮ್ನೆ ಐದು ನಿಮಿಷ ನಿಂತು, ಬಕ ಯಾವ ಅಂಚಲ್ಲಿ ನಿಂತಿದೆ ನೋಡಿ. ಕಲ್ಲು ಹಾಸಿದ ಕಡೆಯೋ, ಕೆಸರಿನ ಕಡೆಯೋ? ಮುಂದಿನ ಪತ್ರದಲ್ಲಿ ಬರೆಯಿರಿ.